ಟ್ಯೂಬ್ ಬೆಳಗುತ್ತಿದೆ, ಸದ್ದು ಮಾತ್ರ ಇಲ್ಲ

ಕೈಯಾರೆ ಕಟ್ಟಿದ ಟ್ಯೂಬ್ ಆಂಪ್‌ನ (ನಿರ್ವಾತ ಕೊಳವೆಗಳಿಂದ ಗಿಟಾರ್ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಬೆಸುಗೆ ಮುಗಿದಿದೆ, ಟ್ಯೂಬ್‌ಗಳು ಕೆಂಪಗೆ ಬೆಳಗುತ್ತಿವೆ. ಗಿಟಾರ್ ಸಿಕ್ಕಿಸಿ ತಂತಿ ಮೀಟಿದರೆ ಸ್ಪೀಕರ್‌ನಿಂದ ಚಕಾರವಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಜನ ಮೊದಲು ಮಾಡುವುದು ಹೊಸ ಟ್ಯೂಬ್ ತರಿಸುವ ಕೆಲಸ. ಅದು ದುಡ್ಡು ದಂಡ. ಹೊಸದಾಗಿ ಕಟ್ಟಿದ ಆಂಪ್‌ನಲ್ಲಿ ಟ್ಯೂಬ್ ಸತ್ತಿರುವುದು ಅಪರೂಪ. ತಂತಿ ಬೇರೆ ಪಿನ್ನಿಗೆ ಹೋಗಿರುವುದು, ಜಾಕ್ ತಿರುವುಮುರುವಾಗಿರುವುದು, ಗ್ರೌಂಡ್ ಬಿಟ್ಟುಹೋಗಿರುವುದು ಮಾಮೂಲು.

ಹವ್ಯಾಸಿಗಳು ಹೆಚ್ಚಾಗಿ ಕಟ್ಟುವುದು 1950ರ ದಶಕದ ಅಮೆರಿಕದ ಫೆಂಡರ್ ಚಾಂಪ್ 5ಎಫ್1 ನಕ್ಷೆಯನ್ನು. ಅದರಲ್ಲಿರುವುದು ಮೂರೇ ಟ್ಯೂಬ್: ಸಿಗ್ನಲ್ ಹಿಗ್ಗಿಸಲು 12ಎಎಕ್ಸ್7, ಸ್ಪೀಕರ್ ನಡೆಸಲು 6ವಿ6, ಎಸಿಯನ್ನು ಡಿಸಿ ಮಾಡಲು 5ವೈ3. (ಬೆಂಗಳೂರಿನ ಬಿಇಎಲ್ ಹಿಂದೆ ತಯಾರಿಸುತ್ತಿದ್ದ ಇಸಿಸಿ83 ಈ 12ಎಎಕ್ಸ್7ಗೆ ಸಮ. ಹಳೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕಂಡರೆ ಬಿಡಬೇಡಿ.) ಕೆಳಗಿನ ಅಂಕಿಗಳೆಲ್ಲ ಈ ನಕ್ಷೆಯವು.

ಮೊದಲು ಜೀವದ ಮಾತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ (ಡಿಸಿಯ ಏರಿಳಿತ ತಗ್ಗಿಸುವಂಥವು) 300 ವೋಲ್ಟ್‌ಗೂ ಮಿಕ್ಕಿ ಉಳಿದಿರಬಹುದು. ಪ್ಲಗ್ ಕಿತ್ತು, ಕ್ಲಿಪ್ ತಂತಿಯ ಒಂದು ತುದಿಯನ್ನು ಷಾಸಿಗೂ (ಆಂಪ್‌ನ ಲೋಹದ ಪೆಟ್ಟಿಗೆ) ಇನ್ನೊಂದನ್ನು 12ಎಎಕ್ಸ್7ರ 1ನೇ ಪಿನ್ನಿಗೂ ಸಿಕ್ಕಿಸಿ ಅರ್ಧ ನಿಮಿಷ ಬಿಡಿ. ಅಲ್ಲಿರುವ 100 ಕಿಲೋ ಓಮ್ ಪ್ಲೇಟ್ ರೆಸಿಸ್ಟರ್ ಕಿಡಿಯಿಲ್ಲದೆ ಚಾರ್ಜ್ ಇಳಿಸುತ್ತದೆ. ಆಮೇಲೆ ಕೆಪಾಸಿಟರ್ ಮೇಲೇ ಮೀಟರ್ ಇಟ್ಟು ಶೂನ್ಯವಾಗಿದೆಯೇ ನೋಡಿ. ರೆಸಿಸ್ಟರೇ ಬಿಟ್ಟಿದ್ದರೆ ಚಾರ್ಜ್ ಅಲ್ಲೇ ಕೂತಿರುತ್ತದೆ.

ಕರೆಂಟ್ ಇಲ್ಲದೆಯೇ ಹಿಡಿಯಬಹುದಾದ ತಪ್ಪುಗಳು ಎಷ್ಟೋ. ಸ್ಪೀಕರ್ ತಂತಿಗೆ 1.5 ವೋಲ್ಟ್ ಸೆಲ್ ಮುಟ್ಟಿಸಿದರೆ ಟಕ್ ಎನ್ನಬೇಕು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಕೆಲವು ನೂರು ಓಮ್ ತೋರಿಸಬೇಕು, ಸೆಕೆಂಡರಿ ಒಂದು ಓಮ್‌ಗೂ ಕಡಿಮೆ. ಇನ್ನು ಪಿನ್ ಎಣಿಕೆ. ಸಾಕೆಟ್ಟನ್ನು ಕೆಳಗಿನಿಂದ, ಅಂದರೆ ಬೆಸುಗೆ ಹಾಕುವ ಕಡೆಯಿಂದ ನೋಡುತ್ತಾ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಬೇಕು. ಮೇಲಿನಿಂದ ನೋಡಿ ಅದೇ ದಿಕ್ಕಿನಲ್ಲಿ ಎಣಿಸಿದರೆ ಇಡೀ ಸಾಕೆಟ್ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಮೊದಲ ಸಲ ಕಟ್ಟುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ನಿಜವಾದ ಕಳ್ಳ ಇನ್‌ಪುಟ್ ಜಾಕ್. ಅದರಲ್ಲೊಂದು ಸ್ವಿಚ್ ಎಲೆ ಇರುತ್ತದೆ: ಪ್ಲಗ್ ಇಲ್ಲದಾಗ ಇನ್‌ಪುಟ್ಟನ್ನು ಗ್ರೌಂಡ್ ಮಾಡಿ ಸದ್ದಡಗಿಸುತ್ತದೆ, ಪ್ಲಗ್ ಹಾಕಿದರೆ ತೆರೆದುಕೊಳ್ಳುತ್ತದೆ. ಬೆಸುಗೆ ಹಾಕುವ ಕಿವಿಗಳಲ್ಲಿ ಸ್ವಿಚ್‌ನದು ಯಾವುದು, ಟಿಪ್‌ನದು (ಪ್ಲಗ್‌ನ ತುದಿ ತಾಗುವುದು) ಯಾವುದು ಎಂಬುದು ಅದಲುಬದಲಾದರೆ ಪ್ಲಗ್ ಹಾಕಿದೊಡನೆ ಗಿಟಾರ್‌ನ ಸಿಗ್ನಲ್ ನೇರ ಗ್ರೌಂಡ್ ಪಾಲು. ಉಳಿದೆಲ್ಲ ವೋಲ್ಟೇಜ್ ಅಚ್ಚುಕಟ್ಟಾಗಿರುವುದರಿಂದ ತಲೆ ಕೆಡುತ್ತದೆ. ಪರೀಕ್ಷೆ ಸುಲಭ. ಎರಡು ಇನ್‌ಪುಟ್ ಜಾಕ್‌ಗಳಲ್ಲಿ 1ನೆಯದಕ್ಕೆ ಕೇಬಲ್ ಸಿಕ್ಕಿಸಿ, ಗಿಟಾರ್ ಬೇಡ. ಕೇಬಲ್‌ನ ಈಚೆ ತುದಿಯ ಟಿಪ್‌ನಿಂದ ಷಾಸಿಗೆ ಅಳೆದರೆ 1 ಮೆಗಾ ಓಮ್, 12ಎಎಕ್ಸ್7ರ 2ನೇ ಪಿನ್ನಿಗೆ ಅಳೆದರೆ 34 ಕಿಲೋ ಓಮ್ (ಎರಡು 68 ಕಿಲೋ ಓಮ್ ಸಮಾಂತರವಾಗಿ) ಬರಬೇಕು. ಷಾಸಿಗೆ ಸೊನ್ನೆ ಬಂದರೆ ಕಳ್ಳ ಸಿಕ್ಕ.

ಈಗ ಕರೆಂಟ್. 60 ವಾಟ್‌ನ ಹಳೆಯ ತಂತಿ ಬಲ್ಬನ್ನು ಮೈನ್ಸ್‌ಗೆ ಸರಣಿಯಲ್ಲಿ ಕಟ್ಟಿ ಮೊದಲ ಸಲ ಹಚ್ಚಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಷಾರ್ಟ್. 5ವೈ3 ಕಿತ್ತಾಗ ಮಂಕಾದರೆ ತಪ್ಪು ಹೈವೋಲ್ಟೇಜ್ ಭಾಗದಲ್ಲಿ, ಬಹುಶಃ ಉಲ್ಟಾ ಕೂತ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಕಿತ್ತ ಮೇಲೂ ಉರಿದರೆ ಹೀಟರ್ ತಂತಿ ಅಥವಾ ಟ್ರಾನ್ಸ್‌ಫಾರ್ಮರ್ ನೋಡಿ. ಅಮೆರಿಕದಿಂದ ತರಿಸಿದ ಕಿಟ್ ಆದರೆ ಪ್ರೈಮರಿ 120 ವೋಲ್ಟ್‌ನದೋ 230ರದೋ ಎಂದು ಮೊದಲೇ ಓದಿಕೊಳ್ಳಿ.

ಬಲ್ಬ್ ತೆಗೆದ ಮೇಲೆ, ಸ್ಪೀಕರ್ ಜೋಡಿಸಿಯೇ ಅಳತೆ ಮಾಡಿ. ಸ್ಪೀಕರ್ ಇಲ್ಲದೆ ಸಿಗ್ನಲ್ ಹರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ ವೋಲ್ಟೇಜ್ ಚಿಮ್ಮಿ ಅದರ ನಿರೋಧಕ ಪದರ ಸುಡಬಹುದು. ಕಪ್ಪು ತಂತಿ ಷಾಸಿಗೆ ಕ್ಲಿಪ್, ಒಂದು ಕೈ ಜೇಬಿನಲ್ಲಿ. 6ವಿ6ರ 3ನೇ ಪಿನ್ (ಪ್ಲೇಟ್) ಸುಮಾರು 330-340 ವೋಲ್ಟ್, 4ನೆಯದು (ಸ್ಕ್ರೀನ್ ಗ್ರಿಡ್) 300ರ ಆಸುಪಾಸು, 5ನೆಯದು (ಗ್ರಿಡ್, ಸಿಗ್ನಲ್ ಒಳಬರುವ ಜಾಗ) ಸೊನ್ನೆ, 8ನೆಯದು (ಕ್ಯಾಥೋಡ್) ಸುಮಾರು 19. ಈ 19ನ್ನು ಕ್ಯಾಥೋಡ್ ರೆಸಿಸ್ಟರ್‌ನ 470 ಓಮ್‌ನಿಂದ ಭಾಗಿಸಿದರೆ 40 ಮಿಲಿಆಂಪ್. ಟ್ಯೂಬ್ ದುಡಿಯುತ್ತಿದೆ ಎಂದರ್ಥ. 12ಎಎಕ್ಸ್7ರ 1 ಮತ್ತು 6ನೇ ಪಿನ್‌ಗಳಲ್ಲಿ (ಪ್ಲೇಟ್) 150ರಿಂದ 190, 3 ಮತ್ತು 8ರಲ್ಲಿ (ಕ್ಯಾಥೋಡ್) 1ರಿಂದ 2 ವೋಲ್ಟ್. ಐದು-ಹತ್ತು ಶೇಕಡಾ ಆಚೀಚೆಯಾದರೆ ಚಿಂತೆಯಿಲ್ಲ.

ಅಂಕಿ ತಪ್ಪಿದ ರೀತಿಯೇ ಜಾಗ ತೋರಿಸುತ್ತದೆ. 12ಎಎಕ್ಸ್7ರ ಪ್ಲೇಟ್‌ನಲ್ಲಿ ಸರಬರಾಜಿನ ಪೂರ್ತಿ ವೋಲ್ಟೇಜ್ ಕಂಡರೆ ಟ್ಯೂಬ್‌ನಲ್ಲಿ ಕರೆಂಟೇ ಹರಿಯುತ್ತಿಲ್ಲ: ಕ್ಯಾಥೋಡ್ ರೆಸಿಸ್ಟರ್ ಬಿಟ್ಟಿದೆ, ಇಲ್ಲವೇ ಹೀಟರ್ ತಣ್ಣಗಿದೆ. 12ಎಎಕ್ಸ್7ರ 4 ಮತ್ತು 5ನ್ನು ಒಟ್ಟು ಸೇರಿಸಿ, ಅದಕ್ಕೂ 9ಕ್ಕೂ ನಡುವೆ 6.3 ವೋಲ್ಟ್ ಕೊಡಬೇಕು. 4 ಮತ್ತು 5ರ ನಡುವೆ ಕೊಟ್ಟರೆ ಮಿಣುಕು ಬೆಳಕಷ್ಟೇ ಬರುತ್ತದೆ, ಕೆಲಸ ಆಗದು. ಪ್ಲೇಟ್‌ನಲ್ಲಿ ಸೊನ್ನೆ ಇದ್ದರೆ ಪ್ಲೇಟ್ ರೆಸಿಸ್ಟರ್ ಬಿಟ್ಟಿದೆ. 6ವಿ6ರ 3ನೇ ಪಿನ್ನಿನಲ್ಲಿ ಸೊನ್ನೆ ಬಂದು 4ರಲ್ಲಿ ವೋಲ್ಟೇಜ್ ಇದ್ದರೆ ಟ್ರಾನ್ಸ್‌ಫಾರ್ಮರ್ ಪ್ರೈಮರಿ ತೆರೆದಿದೆ. ಸ್ಕ್ರೀನ್ ಗ್ರಿಡ್ ಕೆಂಪಾಗುವ ಮೊದಲೇ ಆರಿಸಿ. 5ರಲ್ಲಿ ಧನ ವೋಲ್ಟೇಜ್ ಕಂಡರೆ 0.022 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ.

ಎಲ್ಲ ವೋಲ್ಟೇಜ್ ಸರಿಯಿದ್ದೂ ಮೌನವೇ? ವಾಲ್ಯೂಮ್ ಅರ್ಧಕ್ಕಿಟ್ಟು, ಡಿಸಿ ವೋಲ್ಟ್‌ಗೆ ಇಟ್ಟ ಮೀಟರ್‌ನ ಕೆಂಪು ಮೊನೆಯನ್ನು ಹಿಂದಿನಿಂದ ಮುಂದಕ್ಕೆ ಗ್ರಿಡ್‌ಗಳಿಗೆ ಮುಟ್ಟಿಸುತ್ತಾ ಬನ್ನಿ: 6ವಿ6ರ 5, ಆಮೇಲೆ 12ಎಎಕ್ಸ್7ರ 7, ಕೊನೆಗೆ 2. ಮೊದಲನೆಯದಕ್ಕೆ ಸಣ್ಣ ಟಿಕ್, ಮುಂದೆ ಹೋದಂತೆ ಜೋರು ಗುಂಯ್ ಬರಬೇಕು. ಎಲ್ಲಿಯವರೆಗೆ ಸದ್ದು ಬಂತೋ ಅಲ್ಲಿಯವರೆಗೆ ದಾರಿ ಸರಿ. 7ರಲ್ಲಿ ಬಂದು 2ರಲ್ಲಿ ಬಾರದಿದ್ದರೆ ಮೊದಲ ಹಂತ ಅಥವಾ ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ತಿರುಗು ರೆಸಿಸ್ಟರ್). 5ರಲ್ಲಿ ಬಂದು 7ರಲ್ಲಿ ಬಾರದಿದ್ದರೆ ಪಾಟ್‌ನ ನಡುವಿನ ಕಾಲು ಗ್ರೌಂಡ್‌ಗೆ ತಾಗಿದೆಯೇ, ಷೀಲ್ಡ್ ಕೇಬಲ್‌ನ ಹೆಣಿಗೆಯ ಒಂದು ಎಳೆ ಒಳತಂತಿಗೆ ಮುಟ್ಟಿದೆಯೇ ನೋಡಿ. 5ರಲ್ಲೂ ಸದ್ದಿಲ್ಲದಿದ್ದರೆ ಔಟ್‌ಪುಟ್ ಜಾಕ್ ಷಾರ್ಟ್ ಆಗಿರಬಹುದು.

ಸದ್ದೇನೋ ಬಂತು, ಆದರೆ ಕಿವಿ ಹರಿಯುವಂತೆ ಊಳಿಡುತ್ತಿದೆ ಎಂದಾದರೆ ಗಾಬರಿ ಬೇಡ. ಸ್ಪೀಕರ್‌ನಿಂದ 22 ಕಿಲೋ ಓಮ್ ಮೂಲಕ ಎರಡನೇ ಹಂತದ ಕ್ಯಾಥೋಡ್‌ಗೆ (12ಎಎಕ್ಸ್7ರ 8ನೇ ಪಿನ್) ಮರಳುವ ಫೀಡ್‌ಬ್ಯಾಕ್ ಉಲ್ಟಾ ದಿಕ್ಕಿನಲ್ಲಿದೆ. ಆಂಪ್ ಆರಿಸಿ, ಚಾರ್ಜ್ ಇಳಿಸಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಎರಡು ಪ್ರೈಮರಿ ತಂತಿಗಳನ್ನು ಅದಲುಬದಲು ಮಾಡಿ.