ಫೈನ್ ಅಂದ್ರೆ ಸವಕಲು

ಮೊನ್ನೆ ಪರಿಚಯದವರೊಬ್ಬರು ಒಂದು ನಾಣ್ಯದ ಫೋಟೊ ಕಳಿಸಿದರು. 1912ರ ಬ್ರಿಟಿಷ್ ಪೆನ್ನಿ. ಮಾರಾಟಕ್ಕೆ ಇಡುತ್ತಾರಂತೆ. ಕೆಳಗೆ ಒಂದು ಸಾಲು: ‘ಫೈನ್ ಕಂಡೀಷನ್ ಸರ್, ಹೊಸದರ ಹಾಗಿದೆ.’ ಈ ಮಾತು ಈ ವರ್ಷ ಎಷ್ಟನೇ ಸಲ ಕೇಳ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಹೊಸದರ ಹಾಗಿದ್ದರೆ ಅದು ಫೈನ್ ಅಲ್ಲ. ಫೈನ್ ಆಗಿದ್ದರೆ ಹೊಸದರ ಹಾಗಿಲ್ಲ. ಎರಡರಲ್ಲಿ ಒಂದನ್ನು ಬಿಡಲೇಬೇಕು.

ನಾಣ್ಯ ಕೂಡಿಸುವವರ ಬಾಯಲ್ಲಿ ಫೈನ್ ಅನ್ನೋದು ಹೊಗಳಿಕೆಯಲ್ಲ, ಒಂದು ದರ್ಜೆಯ ಹೆಸರು. ರೈಲಿನ ಸೆಕೆಂಡ್ ಕ್ಲಾಸ್ ಇದ್ದ ಹಾಗೆ. ಬ್ರಿಟಿಷ್ ಪದ್ಧತಿಯಲ್ಲಿ ಮೇಲಿನಿಂದ ಇಳಿಯುತ್ತಾ ಬಂದರೆ ಚಲಾವಣೆಗೇ ಬೀಳದ ಅನ್‌ಸರ್ಕ್ಯುಲೇಟೆಡ್, ಎಕ್ಸ್‌ಟ್ರೀಮ್ಲಿ ಫೈನ್, ವೆರಿ ಫೈನ್, ಆಮೇಲೆ ಬರೀ ಫೈನ್. ಅದಕ್ಕೂ ಕೆಳಗಿನದನ್ನು, ನಾಣ್ಯ ತೀರಾ ಅಪರೂಪದ್ದಾಗದ ಹೊರತು, ಯಾರೂ ಆಸೆಪಟ್ಟು ಕೊಳ್ಳುವುದಿಲ್ಲ. ಅಂದರೆ ಇದು ಪಾಸ್ ಮಾರ್ಕು, ಅಷ್ಟೇ. ವರ್ಷಗಟ್ಟಲೆ ಕೈಯಿಂದ ಕೈಗೆ ಓಡಾಡಿ, ಉಬ್ಬುಗಳೆಲ್ಲ ತಗ್ಗಿ, ಆದರೂ ಯಾರ ಮುಖ, ಯಾವ ಇಸವಿ ಅಂತ ಗುರುತು ಸಿಗುವ ನಾಣ್ಯ. ಇದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಒಂದು ಪದ ಇದೆ: ಸವಕಲು.

ಫೈನ್ ಹೀಗೆ ಕೈಕೊಡೋದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಲ್ಯಾಟಿನ್‌ನ ಫೀನಿಸ್ ಅಂದರೆ ಕೊನೆ, ತುದಿ. ಅದರಿಂದ ಹಳೆಯ ಫ್ರೆಂಚಿನ ಫಿನ್: ತುದಿ ಮುಟ್ಟಿದ್ದು, ಇನ್ನು ತಿದ್ದಲು ಏನೂ ಉಳಿಯದ್ದು. ಅಲ್ಲಿಂದ ಇಂಗ್ಲಿಷಿಗೆ ಬಂತು. ಲೋಹದ ಕೆಲಸದವರ ಕೈಯಲ್ಲಿ ಅದು ಪುಟಕ್ಕಿಟ್ಟ ಬೆಳ್ಳಿ ಬಂಗಾರದ ಹೆಸರಾಯಿತು. ಹಾಗಾಗಿ ನಾಣ್ಯದ ವಿಷಯದಲ್ಲಿ ಈ ಪದಕ್ಕೆ ಎರಡು ನೌಕರಿ. ಒಂದು ಕಡೆ ಲೋಹ ಎಷ್ಟು ಶುದ್ಧ ಅಂತ ಹೇಳುತ್ತದೆ, ಇನ್ನೊಂದು ಕಡೆ ಎಷ್ಟು ಸವೆದಿದೆ ಅಂತ. ಎರಡಕ್ಕೂ ಸಂಬಂಧವೇ ಇಲ್ಲ. ಬ್ರಿಟನ್ನಿನ ಶಿಲ್ಲಿಂಗನ್ನೇ ನೋಡಿ. 1919ರವರೆಗೆ ಅದರಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ. 1920ರಿಂದ ಅದು 500ಕ್ಕೆ ಇಳಿಯಿತು. 1947ರಿಂದ ಬೆಳ್ಳಿಯೇ ಇಲ್ಲ, ತಾಮ್ರ ಮತ್ತು ನಿಕಲ್. ಈಗ ಬೆಳ್ಳಿಯ ಸುಳಿವೇ ಇಲ್ಲದ 1947ರ ಶಿಲ್ಲಿಂಗ್ ಎಕ್ಸ್‌ಟ್ರೀಮ್ಲಿ ಫೈನ್ ಆಗಿರಬಹುದು. 1887ರ ಒಳ್ಳೆ ಬೆಳ್ಳಿಯ ಶಿಲ್ಲಿಂಗ್ ಬರೀ ಫೈನ್ ಆಗಿರಬಹುದು. ‘ಫೈನ್ ಸಿಲ್ವರ್ ಕಾಯಿನ್’ ಅಂತ ಬರೆದಿದ್ದಾರೆ ಅಂದ್ಕೊಳ್ಳಿ. ಬೆಳ್ಳಿ ಅಪ್ಪಟ ಅಂತಲೋ, ನಾಣ್ಯ ಸವೆದಿದೆ ಅಂತಲೋ? ಬರೆದವರಿಗೂ ಗೊತ್ತಿರುವುದಿಲ್ಲ.

ಜರ್ಮನ್ನರಲ್ಲೂ ಇದೇ ಪದ ಇದೆ, ಉಚ್ಚಾರಣೆಯೂ ಫೈನ್ ಅಂತಲೇ. ಆದರೆ ಅವರು ಅದನ್ನು ಲೋಹಕ್ಕೆ ಮಾತ್ರ ಇಟ್ಟುಕೊಂಡರು. ಫೈನ್‌ಜಿಲ್ಬರ್ ಅಂದರೆ ಅಪ್ಪಟ ಬೆಳ್ಳಿ. ಸವೆತಕ್ಕೆ ಬೇರೆ ಪದ: ಶ್ಯೋನ್. ಜಾಣತನ ಅಲ್ವಾ ಅಂದುಕೊಳ್ಳುವ ಹೊತ್ತಿಗೆ ಅಲ್ಲೂ ಒಂದು ಗುಂಡಿ. ಶ್ಯೋನ್ ಅಂದರೆ ಚೆಂದ. ಜರ್ಮನ್ ಕ್ಲಾಸಿಗೆ ಸೇರಿದವರು ಮೊದಲ ವಾರದಲ್ಲೇ ಕಲಿಯುವ ಪದ. ಅವರು ಜರ್ಮನ್ ಕ್ಯಾಟಲಾಗ್ ತೆರೆದರೆ ಎಲ್ಲ ನಾಣ್ಯವೂ ಚೆಂದವೇ. ಸವಕಲಿಗೆ ಶ್ಯೋನ್. ಸ್ವಲ್ಪ ಕಡಿಮೆ ಸವೆದಿದ್ದರೆ ಜೇರ್ ಶ್ಯೋನ್, ಅಂದರೆ ಬಹಳ ಚೆಂದ. ಬ್ರಿಟಿಷರ ವೆರಿ ಫೈನ್ ಇದ್ದ ಹಾಗೆ. ನಿಜಕ್ಕೂ ನೋಡಲು ಚೆನ್ನಾಗಿರೋದು ಅದರ ಮೇಲಿನ ಫೋರ್‌ಟ್ಸ್ಯೂಗ್ಲಿಶ್‌ನಿಂದ ಶುರು. ಶ್ಯೋನ್‌ನ ಬೇರು ‘ನೋಡು’ ಅನ್ನುವ ಅರ್ಥದ್ದು, ಅಂದರೆ ನೋಡುವಂಥದ್ದು. ಇಂಗ್ಲಿಷಿನ ಶೀನ್, ಅಂದರೆ ಹೊಳಪು, ಇದರದೇ ದಾಯಾದಿ. ತಮಾಷೆ ಏನೆಂದರೆ, ಶ್ಯೋನ್ ದರ್ಜೆಯ ನಾಣ್ಯದಲ್ಲಿ ಖಂಡಿತ ಇಲ್ಲದ್ದು ಹೊಳಪೇ.

ಹೊಳಪಿಗೆ ಅವರಲ್ಲಿ ಬೇರೆಯೇ ಮಾತಿದೆ: ಶ್ಟೆಂಪೆಲ್‌ಗ್ಲಾನ್ಸ್. ಶ್ಟೆಂಪೆಲ್ ಅಂದರೆ ಅಚ್ಚು, ಗ್ಲಾನ್ಸ್ ಅಂದರೆ ಹೊಳಪು. ಇದು ಮೇಲುದರ್ಜೆಯ ಹೆಸರು, ಮತ್ತು ನನಗೆ ಈ ಇಡೀ ಪಟ್ಟಿಯಲ್ಲಿ ಇಷ್ಟವಾದ ಪದ ಇದೊಂದೇ. ಯಾಕೆಂದರೆ ಇದು ಹೊಗಳುವುದಿಲ್ಲ, ಏನಿದೆಯೋ ಅದನ್ನು ಹೇಳುತ್ತದೆ. ಅಚ್ಚಿನ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಓರೆ ಮಾಡಿದರೆ ಬೆಳಕು ಗಾಡಿಚಕ್ರದ ಹಾಗೆ ಸುತ್ತುತ್ತದೆ. ತಿಕ್ಕಿದರೆ ಮೊದಲು ಹೋಗುವುದು ಇದೇ, ಹೋದರೆ ಮತ್ತೆ ಬರುವುದಿಲ್ಲ.

ನನ್ನ ಹತ್ತಿರ ಪ್ರಷ್ಯಾದ 1911ರ 3 ಮಾರ್ಕ್ ಇದೆ. ಬರ್ಲಿನ್ ಟಂಕಸಾಲೆಯ ‘ಎ’ ಗುರುತು, ಅಂಚಿನ ಸುತ್ತ ‘ಗಾಟ್ ಮಿಟ್ ಉನ್ಸ್’, ಅಂದರೆ ದೇವರು ನಮ್ಮ ಜೊತೆ. ಕೊಂಡಾಗ ಬೂದುಬಣ್ಣಕ್ಕೆ ತಿರುಗಿತ್ತು. ಹೊಸ ಹುರುಪು ನೋಡಿ, ಟೂತ್‌ಪೇಸ್ಟ್ ಹಚ್ಚಿ ಒಂದು ಭಾನುವಾರ ಬೆಳಗ್ಗೆ ಕೂತು ತಿಕ್ಕಿದೆ. ಈಗ ಅದರ ಮೇಲಿನ ಹದ್ದಿನ ಎದೆ ಸ್ಟೀಲ್ ಚಮಚದ ಹಾಗೆ ಮಿನುಗುತ್ತದೆ. ಚಕ್ರ ಸುತ್ತುವುದಿಲ್ಲ. ಕ್ಯಾಟಲಾಗಿನಲ್ಲಿ ಇಂಥದ್ದರ ಪಕ್ಕ ‘ಪೋಲೀರ್ಟ್’ ಅಂತ ಬರೆಯುತ್ತಾರೆ, ಪಾಲಿಶ್ ಮಾಡಿದ್ದು. ಬೆಲೆ ಅಲ್ಲೇ ಬೀಳುತ್ತದೆ. ಹುಣಸೆಹಣ್ಣಿನಿಂದ ತಿಕ್ಕಿದರೂ ಅಷ್ಟೇ, ನಮ್ಮದು ಅಂತ ರಿಯಾಯಿತಿ ಇಲ್ಲ. ಇನ್ನೊಂದು ಷರಾ ‘ಹೆಂಕೆಲ್‌ಶ್ಪೂರ್’. ಹಿಂದೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಂಡಿದ್ದರ ಗುರುತು. ಕಾಸಿನ ಸರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ಪೆನ್ನಿ. 31 ಮಿಲಿಮೀಟರ್ ಅಗಲದ ಕಂಚಿನ ಬಿಲ್ಲೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಐದನೇ ಜಾರ್ಜನ ಕಿವಿ ಮೇಲಿನ ಕೂದಲು ಎಳೆಯೆಳೆಯಾಗಿಲ್ಲ, ಒಂದೇ ಮುದ್ದೆ. ಮೀಸೆ ಗಡ್ಡಕ್ಕೆ ಸೇರಿಹೋಗಿದೆ. ಹಿಂದಿನ ಬದಿಯಲ್ಲಿ ತ್ರಿಶೂಲ ಹಿಡಿದು ಕೂತ, ಬ್ರಿಟನ್ನಿನ ಹೆಣ್ಣುರೂಪವಾದ ಬ್ರಿಟಾನಿಯಳಿಗೆ ಮೂಗು ಬಾಯಿ ಇಲ್ಲ. ಇಲ್ಲಿ ಅವಸರ ಮಾಡಬಾರದು. ಆ ಕಾಲದ ಪೆನ್ನಿಯಲ್ಲಿ ರಾಜನ ತಲೆಯ ಉಬ್ಬು ಜಾಸ್ತಿ. ಒತ್ತುವಾಗ ಲೋಹ ಆ ಕಡೆಗೇ ಎಳೆದುಕೊಂಡು, ಬ್ರಿಟಾನಿಯ ಟಂಕಸಾಲೆಯಿಂದಲೇ ಪೇಲವವಾಗಿ ಹೊರಬರುತ್ತಿದ್ದಳು. ಎಷ್ಟೋ ಪೆನ್ನಿಗಳಲ್ಲಿ ರಾಜನ ತಲೆಯ ನೆರಳು ಅವಳ ಹಿಂದೆ ದೆವ್ವದ ಹಾಗೆ ಕಾಣುತ್ತದೆ. 1928ರಲ್ಲಿ ತಲೆಯನ್ನು ಚಿಕ್ಕದು ಮಾಡಿದ ಮೇಲೆ ಈ ಕಾಟ ತಪ್ಪಿತು. ಹಾಗಾಗಿ ಈ ಪೆನ್ನಿಯ ದರ್ಜೆಯನ್ನು ರಾಜನ ಮುಖ ನೋಡಿಯೇ ಹೇಳಬೇಕು. ರಾಜನೂ ಸವೆದಿದ್ದಾನೆ. ಆದರೆ ಅಕ್ಷರಗಳು ಪೂರ್ತಿ ಇವೆ, ಇಸವಿ ಸ್ಪಷ್ಟ. ಇದು ಫೈನೇ. ಆ ಮನುಷ್ಯ ಗೊತ್ತಿಲ್ಲದೆ ಸರಿಯಾದ ಪದವನ್ನೇ ಬರೆದಿದ್ದರು! ತಪ್ಪಿದ್ದು ‘ಹೊಸದರ ಹಾಗಿದೆ’ ಅನ್ನೋದು ಮಾತ್ರ.

ನಮ್ಮಲ್ಲಿ ಈಗ ಅಮೆರಿಕದ 1ರಿಂದ 70ರ ಅಳತೆಯೂ ಓಡಾಡುತ್ತಿದೆ. ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ದೊಡ್ಡ ತಾಮ್ರದ ಸೆಂಟುಗಳಿಗೆ ಅಂತ ಮಾಡಿದ್ದು, ಆಮೇಲೆ ಎಲ್ಲದಕ್ಕೂ ಅಂಟಿಕೊಂಡಿತು. ಅದರಲ್ಲಿ ಫೈನ್‌ಗೆ ಸಿಗುವುದು 12. ನಾನು ಪಾಸ್ ಮಾರ್ಕು ಅಂದೆನಲ್ಲ, ಅಲ್ಲಿ ಅದೂ ಇಲ್ಲ.

ಇಷ್ಟನ್ನೂ ಚುಟುಕಾಗಿ ಬರೆದು ಅವರಿಗೆ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು: ‘ಹಾಗಾದ್ರೆ ಫೈನ್ ತೆಗೆದು ಗುಡ್ ಅಂತ ಹಾಕ್ಲಾ ಸರ್?’

ಗುಡ್ ಇರೋದು ಫೈನ್‌ಗಿಂತ ಕೆಳಗೆ. ‘ಗುಡ್ ಫೈನ್’ ಅಂತ ಇನ್ನೊಂದಿದೆ, ಅದು ಫೈನ್‌ಗಿಂತ ಒಂಚೂರು ಮೇಲೆ. ಇದನ್ನು ಟೈಪ್ ಮಾಡುವ ತಾಳ್ಮೆ ನನಗಿರಲಿಲ್ಲ. ಫೋನ್ ಮಾಡಿದೆ.