ಕರೆಂಟ್ ಹೋದಾಗ ಟ್ಯಾಂಕಿನ ನೀರು ಎಲ್ಲಿಗೆ ಹೋಗುತ್ತದೆ?

ದೊಡ್ಡ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ, ಮಾಡಿಸಬೇಕು ಅಂತ ಬರುವವರು ಮೊದಲು ಕೇಳುವುದು, ನೀರಿನ ಕೊಳೆ ತೆಗೆಯಲು ಯಾವ ಕಂಪನಿಯ ಸ್ಕಿಮ್ಮರ್ ಒಳ್ಳೆಯದು ಎಂದು. ನಾನು ತಿರುಗಿ ಕೇಳುವುದು, "ನಿಮ್ಮ ಏರಿಯಾದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತೆ?" ಅದಕ್ಕೂ ಇದಕ್ಕೂ ಏನು ಸಂಬಂಧ ಎನ್ನುವಂತೆ ಮುಖ ನೋಡುತ್ತಾರೆ. ಫಿಲ್ಟರ್ ಜೋಡಿಸುವಾಗ ನಾನು ಹಾಕುವ ಲೆಕ್ಕವೆಲ್ಲ ಶುರುವಾಗುವುದೇ ಅಲ್ಲಿಂದ.

6 ಅಡಿ ಉದ್ದ, ಎರಡೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಇದೆ ಅಂದುಕೊಳ್ಳಿ. ಸುಮಾರು 850 ಲೀಟರ್ ನೀರು ಹಿಡಿಯುತ್ತದೆ. ಅದರ ಕೆಳಗೆ, ಕ್ಯಾಬಿನೆಟ್ಟಿನೊಳಗೆ ಇನ್ನೊಂದು ಗಾಜಿನ ತೊಟ್ಟಿ. ಅದಕ್ಕೂ ಸಂಪ್ ಎಂದೇ ಹೆಸರು. ನಮ್ಮ ಮನೆಗಳ ಸಂಪು, ಮಾಳಿಗೆ ಮೇಲಿನ ಟ್ಯಾಂಕು ನೆನಪಿಸಿಕೊಂಡರೆ ಅರ್ಧ ಅರ್ಥವಾದಂತೆ. ಕೆಳಗಿನಿಂದ ಪಂಪ್ ನೀರನ್ನು ಮೇಲಕ್ಕೆ ತಳ್ಳುತ್ತದೆ. ಹೆಚ್ಚಾದದ್ದು ಓವರ್‌ಫ್ಲೋ ಪೈಪಿನಲ್ಲಿ ತಾನಾಗಿ ಕೆಳಗಿಳಿಯುತ್ತದೆ. ಮನೆಯ ಮೋಟಾರಿನಂತೆ ಅರ್ಧ ಗಂಟೆ ಓಡಿ ನಿಲ್ಲುವುದಲ್ಲ, ಇದು ಹಗಲು ರಾತ್ರಿ ಓಡುತ್ತಲೇ ಇರಬೇಕು.

ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ. ಓವರ್‌ಫ್ಲೋ ಅಂಚಿಗಿಂತ ಮೇಲಿದ್ದ ನೀರು ಸಂಪಿಗೆ ಇಳಿಯುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ನೀರನ್ನು ಮೇಲೆ ತರುತ್ತಿದ್ದ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ, ಅದೇ ಪೈಪ್ ಈಗ ಸೈಫನ್ ಆಗಿ ಟ್ಯಾಂಕಿನ ನೀರನ್ನು ಕೆಳಕ್ಕೆ ಎಳೆಯುತ್ತದೆ. ಈ ಅಳತೆಯ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದರೆ 35 ಲೀಟರ್. ಪೈಪಿನ ಬಾಯಿ ನಾಲ್ಕು ಇಂಚು ಆಳದಲ್ಲಿದ್ದರೆ 140 ಲೀಟರ್ ಇಳಿಯುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಉಪ್ಪುನೀರು ಮನೆ ತುಂಬ.

ನಾನೇ ಜೋಡಿಸಿದ ಒಂದು ಟ್ಯಾಂಕಿನಲ್ಲಿ ಹೀಗಾಗಿದೆ. ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಇದೆಯಲ್ಲ ಎಂದು ಧೈರ್ಯವಾಗಿದ್ದೆ. ಅದರೊಳಗೆ ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡು ವಾಲ್ವ್ ಮುಚ್ಚಲೇ ಇಲ್ಲ. ಮರದ ನೆಲಹಾಸು ಪೂರ್ತಿ ಉಬ್ಬಿಹೋಯಿತು. ಆ ಮನೆಯವರ ಮುಖ ಇವತ್ತಿಗೂ ಕಣ್ಣ ಮುಂದಿದೆ. ಅಂದಿನಿಂದ ಪೈಪಿನ ಬಾಯಿಯನ್ನು ಒಂದು ಇಂಚಿಗಿಂತ ಆಳಕ್ಕೆ ಬಿಟ್ಟಿಲ್ಲ. ಸಂಪಿನಲ್ಲಿ ಕಡಿಮೆ ಅಂದರೂ 100 ಲೀಟರ್ ಜಾಗ ಖಾಲಿ ಇಡುತ್ತೇನೆ.

ಕೆಳಗಿಳಿಯುವ ಪೈಪ್ ಎರಡು ಬೇಕು. ಒಂದಕ್ಕೆ ಹರಿವನ್ನು ಹೆಚ್ಚುಕಡಿಮೆ ಮಾಡುವ ಗೇಟ್ ವಾಲ್ವ್ ಹಾಕಿ, ಒಳಗೆ ಗಾಳಿ ಇಲ್ಲದೆ ಬರೀ ನೀರು ತುಂಬಿ ಇಳಿಯುವಂತೆ ತಿರುಗಿಸಿ ನಿಲ್ಲಿಸಬೇಕು. ಆಗ ಗುಳುಗುಳು ಸದ್ದೂ ಇರುವುದಿಲ್ಲ. ಎರಡನೆಯದು ಸ್ವಲ್ಪ ಎತ್ತರದಲ್ಲಿ ಖಾಲಿ ನಿಂತಿರುತ್ತದೆ, ಮೊದಲನೆಯದು ಕಟ್ಟಿಕೊಂಡ ದಿನಕ್ಕೆ. ಪ್ಲಂಬರ್ ಹಿತ್ತಾಳೆ ವಾಲ್ವ್ ತಂದರೆ ದಯವಿಟ್ಟು ವಾಪಸ್ ಕಳಿಸಿ. ಹಿತ್ತಾಳೆಯಲ್ಲಿ ತಾಮ್ರ ಇದೆ. ಹವಳಕ್ಕೆ, ಸಿಗಡಿಗೆ, ಬಸವನಹುಳುವಿಗೆ ತಾಮ್ರ ವಿಷ. ಇದೇ ಕಾರಣಕ್ಕೆ ಅಡುಗೆಮನೆಯ ತಾಮ್ರದ ಕಾರ್ಟ್ರಿಜ್ ಇರುವ ವಾಟರ್ ಪ್ಯೂರಿಫೈಯರ್ ನೀರೂ ಬೇಡ. ಆರ್‌ಒ ಆದ ಮೇಲೆ, ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ದಾಟಿ ಬಂದ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರಿಗೇ ಸಮುದ್ರದ ನೀರಿನಂತೆ ಮಾಡುವ ಸಾಲ್ಟ್ ಮಿಕ್ಸ್ ಬೆರೆಸಬೇಕು.

ಇನ್ನು ಸ್ಕಿಮ್ಮರ್. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದು ಹಾಕುತ್ತಾರೆ, ಅಲ್ವಾ? ಸ್ಕಿಮ್ಮರ್ ಬೆಂಕಿಯಿಲ್ಲದೆ ಅದೇ ಕೆಲಸ ಮಾಡುತ್ತದೆ. ಒಂದು ಕೊಳವೆಯಲ್ಲಿ ತೀರ ಸಣ್ಣ ಗಾಳಿಗುಳ್ಳೆಗಳನ್ನು ಎಬ್ಬಿಸುತ್ತದೆ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರದಿಂದ ಬಿಟ್ಟುಕೊಂಡ ಪ್ರೋಟೀನು, ಜಿಡ್ಡು ಆ ಗುಳ್ಳೆಗಳಿಗೆ ಅಂಟಿಕೊಂಡು ಮೇಲಿನ ಬಟ್ಟಲಿಗೆ ಬೀಳುತ್ತವೆ. ಕೊಳೆತು ಅಮೋನಿಯಾ ಆಗುವ ಮೊದಲೇ ಕೊಳೆ ಹೊರಗೆ. ಸಿಹಿನೀರಿನಲ್ಲಿ ಇಷ್ಟು ಸಣ್ಣ ಗುಳ್ಳೆ ನಿಲ್ಲುವುದಿಲ್ಲ, ಹಾಗಾಗಿ ಇದು ಸಮುದ್ರದ ಟ್ಯಾಂಕಿಗೆ ಮಾತ್ರ ಒದಗುವ ಯಂತ್ರ.

ಆದರೆ ಅದು ನಿಂತ ಕಡೆ ನೀರಿನ ಮಟ್ಟ ಸ್ವಲ್ಪವೂ ಏರಿಳಿಯಬಾರದು. ಅದಕ್ಕೇ ಸಂಪನ್ನು ಗಾಜಿನ ಅಡ್ಡಗೋಡೆಗಳಿಂದ ಭಾಗ ಮಾಡುವುದು. ನೀರು ಮೊದಲು ಬಟ್ಟೆಯ ಫಿಲ್ಟರ್ ಸಾಕ್ಸ್, ನಂತರ ಸ್ಕಿಮ್ಮರ್ ಕೋಣೆ, ಕೊನೆಗೆ ಪಂಪಿನ ಕೋಣೆಗೆ ಬರುತ್ತದೆ. ಸಾಕ್ಸನ್ನು ಮೂರು ನಾಲ್ಕು ದಿನಕ್ಕೊಮ್ಮೆ ತೊಳೆಯಲೇಬೇಕು. ನೀರು ಆರುವುದು ಗೊತ್ತಾಗುವುದು ಪಂಪಿನ ಕೋಣೆಯಲ್ಲಿ ಮಾತ್ರ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಲೀಟರ್ ಆರಿಹೋದರೂ ಆಶ್ಚರ್ಯವಿಲ್ಲ. ಆರುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಆರಿದಷ್ಟು ನೀರನ್ನು ತಾನಾಗಿ ತುಂಬಿಸುವ ಆಟೋ ಟಾಪ್‌ಅಪ್‌ನಲ್ಲಿ ಸಿಹಿನೀರೇ ಇರಬೇಕು. ಲೀಟರಿಗೆ 35 ಗ್ರಾಂ ಉಪ್ಪು ಎನ್ನುವ ಸಮುದ್ರದ ಲೆಕ್ಕ ಉಳಿಯುವುದು ಹಾಗೆ.

ಕರೆಂಟ್ ಮರಳಿ ಬಂದಾಗ ಇನ್ನೊಂದು ತೊಂದರೆ. ಆ ಹೊತ್ತಿಗೆ ಸಂಪಿನಲ್ಲಿ ನೀರು ಏರಿರುತ್ತದೆ. ಸ್ಕಿಮ್ಮರ್ ಕೂಡಲೇ ಶುರುವಾದರೆ ಬಟ್ಟಲಿನ ಕೊಳೆಯೆಲ್ಲ ಉಕ್ಕಿ ವಾಪಸ್ ನೀರಿಗೆ. ಅದರ ಸ್ವಿಚ್ಚಿಗೆ ಹತ್ತು ನಿಮಿಷದ ಡಿಲೇ ಟೈಮರ್ ಹಾಕಿ. ಬ್ಯಾಟರಿ ಬ್ಯಾಕಪ್ ಇದ್ದರೆ ಅದು ಮೊದಲು ಟ್ಯಾಂಕಿನೊಳಗೆ ನೀರು ಅಲುಗಾಡಿಸುವ ವೇವ್‌ಮೇಕರ್‌ಗೆ. ಲೈಟು ಒಂದು ದಿನ ಇಲ್ಲದಿದ್ದರೂ ಹವಳ ಬದುಕುತ್ತದೆ. ನೀರು ಅಲುಗಾಡದಿದ್ದರೆ ಆಮ್ಲಜನಕ ಕರಗುವುದು ಕಡಿಮೆಯಾಗಿ ಮೀನು ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಇಷ್ಟೆಲ್ಲ ಯಂತ್ರ ಇದ್ದರೂ ಅಮೋನಿಯಾ ಕೆಲಸ ಮುಗಿಸುವುದು ಕಲ್ಲು. ತೂತು ತೂತಾದ ಒಣ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಖಾಲಿ ಟ್ಯಾಂಕ್ ನೋಡುವುದು ಕಷ್ಟ, ನನಗೆ ಗೊತ್ತು. ಆದರೂ ಕಾಯಿರಿ. ಕಾಯಲಾಗದೆ ಮೊದಲ ವಾರವೇ ಬಿಟ್ಟ ಮೀನುಗಳು ಒಂದೊಂದಾಗಿ ಸಾಯುವುದನ್ನು ನೋಡಿದ್ದೇನೆ. ಬೇಗ ಆಗಲಿ ಎಂದು ಸಮುದ್ರದಿಂದ ಕಿತ್ತ ಕಲ್ಲು, ಹವಳವನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ನಮ್ಮ ನೇತ್ರಾಣಿಯಲ್ಲಿರಲಿ, ಲಕ್ಷದ್ವೀಪದಲ್ಲಿರಲಿ, ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಉಪ್ಪುನೀರು ತುಂಬುವ ಮೊದಲು ಪರೀಕ್ಷೆಗೆಂದು ಬರೀ ನಲ್ಲಿ ನೀರು ತುಂಬಿ ಎರಡು ದಿನ ಓಡಿಸುತ್ತೇನೆ, ಆ ನೀರನ್ನು ಆಮೇಲೆ ಚೆಲ್ಲಿಬಿಡುತ್ತೇನೆ. ಮೇನ್ ಸ್ವಿಚ್ ಆಫ್ ಮಾಡಿ ನೀರು ಇಳಿಯುವುದು ನಿಲ್ಲುವವರೆಗೆ ಪಕ್ಕದಲ್ಲೇ ಕೂರುತ್ತೇನೆ. ಆಗ ಸಂಪಿನ ಅಂಚಿಗೆ ಇನ್ನೂ ಎರಡು ಇಂಚು ಬಾಕಿ ಇರಬೇಕು. ಮತ್ತೆ ಆನ್ ಮಾಡಿ, ನೀರು ನೆಲೆಗೆ ಬಂದ ಮೇಲೆ ಪಂಪಿನ ಕೋಣೆಯ ಗಾಜಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಈ ಗೆರೆ ದಾಟಿ ನೀರು ಹಾಕಬೇಡಿ ಎಂದು ಮನೆಯವರಿಗೆಲ್ಲ ತೋರಿಸಿಯೇ ಅಲ್ಲಿಂದ ಹೊರಡುವುದು.