ಸಂಗೀತ ಚಿಕಿತ್ಸೆ ಟಿಪ್ಪಣಿ: ಐಸೋ ತತ್ವ ಮತ್ತು ಮಿಶ್ರಝಂಪೆಯ ಉಸಿರು

ಮೊದಲು ಒಂದು ಮಾತು. ಶಾಸ್ತ್ರೀಯ ಸಂಗೀತ ಮಾತ್ರೆಯ ಬದಲಿಗಲ್ಲ, ಅದರ ಜೊತೆಗೆ. ಖಿನ್ನತೆ ಕುರಿತ 2017ರ ಕಾಕ್ರೇನ್ ವಿಮರ್ಶೆಯೂ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ) ಮಾಮೂಲಿ ಚಿಕಿತ್ಸೆಗೆ ಸಂಗೀತ ಚಿಕಿತ್ಸೆ ಸೇರಿದಾಗ ಅಲ್ಪಾವಧಿಯಲ್ಲಿ ಹೆಚ್ಚು ಗುಣ ಕಂಡಿದೆ. 'ಈ ರೋಗಕ್ಕೆ ಈ ರಾಗ' ಎಂಬ ಪಟ್ಟಿಗಳನ್ನು ಬಾಯಿಪಾಠ ಮಾಡಬೇಡಿ.

ಐಸೋ ತತ್ವ

ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ರೂಪಿಸಿದ್ದು. ಕೇಳುಗರ ಮನಸ್ಸು ಈಗ ಹೇಗಿದೆಯೋ ಅದಕ್ಕೆ ಹೊಂದುವ ಸಂಗೀತದಿಂದ ಶುರು ಮಾಡಿ, ಮೆಲ್ಲಗೆ ಬದಲಿಸುತ್ತಾ ಹೋಗುವುದು. ಅಳುತ್ತಾ ಕೂತವರಿಗೆ ನೇರವಾಗಿ ಹಂಸಧ್ವನಿಯಂಥ ಲವಲವಿಕೆಯ ರಾಗ ಕೇಳಿಸಿದರೆ 'ನನ್ನ ಸಂಕಟ ಇವರಿಗೆ ತಿಳಿಯಲಿಲ್ಲ' ಎಂದು ಇನ್ನಷ್ಟು ಮುದುಡುತ್ತಾರೆ. ಹಾಗಂತ ಶೋಕದ ರಾಗದಲ್ಲೇ ಮುಕ್ಕಾಲು ಗಂಟೆ ಕೂರಿಸಿದರೆ ಕೊರಗಿಗೇ ಮೇವು ಹಾಕಿದಂತೆ.

ತೊಡಕು ಇರುವುದು 'ಹೊಂದುವ' ಎಂಬ ಪದದಲ್ಲಿ. ಭಾವ ಬೇರೆ, ವೇಗ ಬೇರೆ. ದುಃಖದಲ್ಲಿರುವವರ ಎದೆ ಡವಗುಟ್ಟುತ್ತಿದ್ದರೆ ವಿಳಂಬ ಕಾಲ (ನಿಧಾನ ಗತಿ) ಹೊಂದುವುದಿಲ್ಲ. ಮಧ್ಯಮ ಕಾಲದಿಂದ ಶುರು ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಉದಾಹರಣೆಗೆ ಶೋಕದ ಶಿವರಂಜನಿ ರಾಗದಿಂದ ತಿಳಿಯಾದ ಮೋಹನ ರಾಗಕ್ಕೆ ಹೋಗುವಾಗ ಶ್ರುತಿ, ಕಾಲ, ವಾದ್ಯ ಎಲ್ಲ ಹಾಗೇ ಇರಲಿ. ಎರಡಕ್ಕೂ ಸ ರಿ ಗ ಪ ದ, ರಿಷಭ ಧೈವತ ಎರಡೂ ಚತುಶ್ರುತಿ. ಸಾಧಾರಣ ಗಾಂಧಾರ (ತಗ್ಗಿನ ಗ) ಅಂತರ ಗಾಂಧಾರವಾಗುತ್ತದೆ (ಎತ್ತರದ ಗ), ಅಷ್ಟೇ. ನಡುವೆ ಒಂದು ನಿಮಿಷ ಬರೀ ತಂಬೂರಿ ಇಟ್ಟರೆ ಆ ಒಂದೇ ಸ್ವರ ಎಷ್ಟು ಕೆಲಸ ಮಾಡುತ್ತದೆಂದು ಕಿವಿಗೇ ತಿಳಿಯುತ್ತದೆ.

ಉಸಿರು

ಉಸಿರು ಬಿಡುವಾಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಹೃದಯಬಡಿತವನ್ನು ತಗ್ಗಿಸುತ್ತದೆ. ಹಾಡುವುದೆಂದರೆ ಉಸಿರನ್ನು ನಿಧಾನ ಬಿಡುವುದೇ. ಆದ್ದರಿಂದ ಬರೀ ಕೇಳುವುದಕ್ಕಿಂತ ಹಾಡಿಸುವುದು ಮೇಲು. ನಿಮಿಷಕ್ಕೆ 6 ಉಸಿರು ಗುರಿ. ಇದಕ್ಕೆ ಗಡಿಯಾರ ಬೇಡ, ಮಿಶ್ರಝಂಪೆ ತಾಳ ಸಾಕು. ಲಘು 7, ಅನುದ್ರುತ 1, ದ್ರುತ 2, ಒಟ್ಟು 10 ಅಕ್ಷರ (ತಾಳದ ಎಣಿಕೆ). ನಿಮಿಷಕ್ಕೆ 60 ಅಕ್ಷರದ ನಡೆಯಲ್ಲಿ ಒಂದು ಆವರ್ತ (ತಾಳದ ಒಂದು ಪೂರ್ತಿ ಸುತ್ತು) ಒಂದು ಉಸಿರು. ಘಾತ (ಅಂಗೈ ತಟ್ಟು), ಕಿರುಬೆರಳು, ಉಂಗುರ ಬೆರಳು, ನಡುಬೆರಳು: ಈ 4ರಲ್ಲಿ ಮೂಗಿನಿಂದ ಒಳಗೆ. ತೋರುಬೆರಳು, ಹೆಬ್ಬೆರಳು, ಮತ್ತೆ ಕಿರುಬೆರಳು, ಅನುದ್ರುತದ ಘಾತ, ದ್ರುತದ ಘಾತ ಮತ್ತು ವಿಸರ್ಜಿತ (ಅಂಗೈ ಮೇಲೆ ತಿರುಗಿಸುವುದು): ಈ 6ರಲ್ಲಿ ಮಂದ್ರ ಪಂಚಮವನ್ನೋ ಷಡ್ಜವನ್ನೋ 'ಆ' ಎಂದು ಅಕಾರದಲ್ಲಿ ಹಿಡಿಯಿರಿ. ಬೆರಳು ಎಣಿಸುತ್ತಿರುವುದರಿಂದ ಮನಸ್ಸು ಹಳೆಯ ನೆನಪಿನ ಕಡೆ ಓಡುವುದೂ ಕಡಿಮೆ. 12 ಆವರ್ತಕ್ಕೆ ಎರಡು ನಿಮಿಷ. ಮೊದಲ ದಿನಕ್ಕೆ ಸಾಕು. ತಲೆ ಸುತ್ತಿದರೆ ಉಸಿರು ಜಾಸ್ತಿ ಎಳೆಯುತ್ತಿದ್ದಾರೆ ಎಂದರ್ಥ: ನಿಲ್ಲಿಸಿ, ಆಮೇಲೆ ನಡೆಯನ್ನು 75ಕ್ಕೆ ಏರಿಸಿ (ಆವರ್ತಕ್ಕೆ 8 ಸೆಕೆಂಡು). ಉಸಿರು ಕಟ್ಟಿ ಹಿಡಿಸಬೇಡಿ.

ಮಾನಸಿಕ ಆಘಾತವಿದ್ದಾಗ

ದಿಢೀರ್ ಸದ್ದು ಬೇಡ: ತವಿಲು (ನಾಗಸ್ವರದ ಜೊತೆಯ ಡೋಲು), ತನಿ ಆವರ್ತನ (ತಾಳವಾದ್ಯ ಮಾತ್ರ ನುಡಿಯುವ ಭಾಗ) ಆಮೇಲೆ. ವೀಣೆಯಲ್ಲೂ ನಮ್ಮ ಮೈಸೂರು ಬಾನಿಯಲ್ಲಿ (ಶೈಲಿಯಲ್ಲಿ) ಮೀಟುಗಳು ಒತ್ತೊತ್ತಾಗಿ ಬರುವುದರಿಂದ ಆಲಾಪನೆ ಮಾತ್ರ ಆರಿಸಿ. ಮೈಸೂರು ದಸರೆಯ 21 ಕುಶಾಲತೋಪಿನ (ಫಿರಂಗಿಯ) ಸದ್ದಿಗೆ ಆನೆಗಳಿಗೇ ಮೊದಲಿನಿಂದ ತಾಲೀಮು ಕೊಡುತ್ತಾರೆ. ಅರಮನೆಯ ಸುತ್ತ ಇರುವವರಿಗೆ ಅದರ ಸಮಯವನ್ನು ಮುಂಚೆಯೇ ಹೇಳಿ. ಕಣ್ಣು ಮುಚ್ಚಿಸಬೇಡಿ. ನಿಲ್ಲಿಸುವ ಗುಂಡಿ ಅವರ ಕೈಯಲ್ಲೇ ಇರಲಿ.

ಅಳು ಬಂದರೆ ನಿಲ್ಲಿಸಬೇಕಿಲ್ಲ. ದೃಷ್ಟಿ ಶೂನ್ಯದಲ್ಲಿ ನೆಟ್ಟು, ಕರೆದರೆ ಓಗೊಡದಿದ್ದರೆ ಮಾತ್ರ ತಕ್ಷಣ ಸಂಗೀತ ನಿಲ್ಲಿಸಿ, ಪಾದ ನೆಲಕ್ಕೆ ಊರಿಸಿ, ಕೋಣೆಯಲ್ಲಿ ಕಾಣುವ ಐದು ವಸ್ತು ಹೆಸರಿಸಲು ಹೇಳಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ವೈದ್ಯರನ್ನು ಕಾಣಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.